ವಾಸಯೋಗ್ಯ ಕಪಾಟು

ಸಹಾಯಧನ ಪಡೆಯುವ ವ್ಯಕ್ತಿ ಬಡವನಾಗಿದ್ದರೆ ಸಾಲದು, ಬಡವನಾಗಿಯೇ ಉಳಿಯತಕ್ಕದ್ದು. ಇದು ಜನಹಿತ ಇಲಾಖೆಯ ಮೂಲ ನಿಯಮ. ಬದುಕಿರುವ ಬಂಧುಗಳಿಂದ ಈ ನಿಯಮಕ್ಕೆ ಯಾವ ಧಕ್ಕೆಯೂ ಬರುವುದಿಲ್ಲವೆಂದು ಇಲಾಖೆ ಅನುಭವದಿಂದ ಕಂಡುಕೊಂಡಿದೆ. ಅಪಾಯವೇನಿದ್ದರೂ ಸತ್ತವರಿಂದ.

ಅಪ್ಪಟಣ್ಣನ ಸೋದರತ್ತೆ ತೀರಿಕೊಂಡ ವಾರದಲ್ಲೇ ಅವನು ಶ್ರೀಮಂತನಾದದ್ದು ಹೀಗೆ.

ಅಪ್ಪಟಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ತಲೆಗೂದಲು ಕಪ್ಪಿದ್ದಾಗಿನಿಂದ ಬೆಳ್ಳಗಾಗುವವರೆಗೆ ಒಂದು ಫರ್ನಿಚರ್ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದವನು ಮೇಜು, ಮಂಚ, ಕುರ್ಚಿ ಯಾವುದನ್ನು ತೋರಿಸಿದರೂ "ಅಪ್ಪಟ ತೇಗ" ಎನ್ನುತ್ತಿದ್ದ. ಪ್ಲಾಸ್ಟಿಕ್ ಸ್ಟೂಲಿನ ಬಗ್ಗೆಯೂ ಒಮ್ಮೆ ಬಾಯಿತಪ್ಪಿ ಹಾಗೆಂದದ್ದುಂಟು. ಗಿರಾಕಿ ನಂಬಿ ಎರಡು ಕೊಂಡುಹೋದ. ಕೊನೆಗೆ ಅಂಗಡಿ ಮುಚ್ಚಿತು, ಬಾಯಿ ಮಾತ್ರ ಮುಚ್ಚಲಿಲ್ಲ. ಈಗ ಗಂಡಹೆಂಡತಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ತಿಂಗಳ ಸಹಾಯಧನದಲ್ಲಿ ಬಾಡಿಗೆ ಕಳೆದರೆ ಹೆಂಡತಿಯ ಉಬ್ಬಸದ ಔಷಧಿಗೆ ಸರಿಹೋಗುತ್ತಿತ್ತು. ಔಷಧಿ ಇದ್ದ ದಿನ ಆಕೆ ಅವನನ್ನು ಚೆನ್ನಾಗಿ ಬೈಯುತ್ತಿದ್ದಳು. ಇಲ್ಲದ ದಿನ ಬೈಯಲು ಉಸಿರು ಸಾಲದೆ ಸುಮ್ಮನೆ ನೋಡುತ್ತಿದ್ದಳು. ಆ ನೋಟಕ್ಕೆ ಅಪ್ಪಟಣ್ಣ ತುಂಬ ಹೆದರುತ್ತಿದ್ದ.

ಅತ್ತೆ ಬಿಟ್ಟುಹೋದದ್ದು ಒಂದು ಕಪಾಟು. ಹಿಂದೆ ಅವನೇ ಆಕೆಗೆ ಮಾರಿದ್ದು. ಒಳಗೆ ಪ್ಲೈವುಡ್, ಮೇಲೆ ಪಾಲಿಶ್. ಅದರಲ್ಲಿ ಅಪ್ಪಟವಾದದ್ದೆಂದರೆ ಬೆಲೆಯೊಂದೇ. ಬಾಗಿಲ ಚೌಕಟ್ಟು ಕಿತ್ತು ಒಳಗೆ ತಂದರೂ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಲು ಜಾಗವಾಗಲಿಲ್ಲ. ಒಂದು ಪಕ್ಕ ಸೋರುವ ಗೋಡೆಗೆ ತಾಗಿಕೊಂಡು, ಒಲೆಯ ಕಡೆಗೆ ಬೆನ್ನು ಮಾಡಿಕೊಂಡು, ಕೋಣೆಯ ನಟ್ಟನಡುವೆ ನಿಂತಿತು. ಬಾಗಿಲು ತೆರೆದರೆ ನುಸಿಗುಳಿಗೆಯ ವಾಸನೆ ಮೂಗಿಗೆ ಗುದ್ದುತ್ತಿತ್ತು. ಅಪ್ಪಟಣ್ಣ ಬೀದಿಯ ಈ ತುದಿಯಿಂದ ಆ ತುದಿಯವರೆಗೆ "ಅತ್ತೆ ಆಸ್ತಿ ಬಂತು" ಎಂದು ಹೇಳಿಕೊಂಡು ಬಂದ. ಆಸ್ತಿ ಎಂಬ ಪದಕ್ಕೆ ಇಲಾಖೆಯ ಕಿವಿ ಬಹಳ ಚುರುಕು.

ಮೌಲ್ಯಮಾಪಕಿ ಬಂದರು. ಚಿಕ್ಕ ವಯಸ್ಸು, ಕತ್ತಿನಲ್ಲಿ ಗುರುತಿನ ಚೀಟಿ, ಮುಖದಲ್ಲಿ ಊಟದ ಹೊತ್ತು ಮೀರಿದ ದಣಿವು. ಹೊಸ್ತಿಲಲ್ಲೇ ನಿಂತು ನೋಡಿ, "ಹಳೇ ಪ್ಲೈವುಡ್ಡು. ಬೆಲೆ ಏನೂ ಇಲ್ಲ ಅಂತ ಬರ್ಕೊಳ್ತೀನಿ" ಎಂದರು.

"ಹೂಂ ಮೇಡಂ, ಹಾಗೇ ಬರ್ಕೊಳ್ಳಿ," ಎಂದಳು ಹೆಂಡತಿ. ವಿಷಯ ಅಲ್ಲಿಗೆ ಮುಗಿಯಬೇಕಿತ್ತು.

"ಪ್ಲೈವುಡ್ಡಾ?"

ಅದು ಬಂದದ್ದು ತನ್ನ ಬಾಯಿಂದಲೇ ಎಂದು ಅಪ್ಪಟಣ್ಣನಿಗೆ ತಿಳಿಯುವಷ್ಟರಲ್ಲಿ ಉಳಿದದ್ದೂ ಬಂದಿತ್ತು. "ದಯವಿಟ್ಟು ಹತ್ರ ಬನ್ನಿ ಮೇಡಂ. ಕೈ ಇಟ್ಟು ನೋಡಿ. ಏನು ತಂಪು! ತೇಗ ಬಿಟ್ಟು ಬೇರೆ ಮರಕ್ಕೆ ಈ ತಂಪು ಬರುತ್ತಾ? ಇಂಥದ್ದನ್ನ ಈಗ ಮಾಡೋರೂ ಇಲ್ಲ, ಮಾಡ್ಸೋರೂ ಇಲ್ಲ. ಬಲವಂತ ಏನಿಲ್ಲ, ನೀವು ಬೇಡ ಅಂದ್ರೆ ಬೇಡ. ಬೆಳಿಗ್ಗೆಯಿಂದ ಆಗ್ಲೇ ಇಬ್ರು ನೋಡ್ಕೊಂಡು ಹೋಗಿದಾರೆ."

ಹೆಂಡತಿ ಕೆಮ್ಮಿದಳು. ಗಂಡನ ಕಾಲು ತುಳಿದಳು. ಅಪ್ಪಟಣ್ಣ ಕಾಲನ್ನು ಅವಳಿಗೇ ಬಿಟ್ಟುಕೊಟ್ಟು ಡ್ರಾಯರ್ ಎಳೆದು ತೋರಿಸುತ್ತಿದ್ದ. ಮೌಲ್ಯಮಾಪಕಿ ಕೈ ಇಟ್ಟು ನೋಡಿದರು. ಗೋಡೆ ಸೋರುತ್ತಿದ್ದುದರಿಂದ ಕಪಾಟು ನಿಜಕ್ಕೂ ತಂಪಾಗಿತ್ತು. ಅವರು "ಅಪ್ಪಟ ತೇಗ" ಎಂದು ಬರೆದುಕೊಂಡು ಹೇಳಿದ ಬೆಲೆ ಕೇಳಿ ಅವನಿಗೆ ಒಂದು ಗಳಿಗೆ ಹೆಮ್ಮೆಯೇ ಆಯಿತು. ಅಂಗಡಿಯಲ್ಲಿದ್ದಾಗ ಯಾವತ್ತೂ ಆ ಬೆಲೆಗೆ ಮಾರಿರಲಿಲ್ಲ.

"ಯಾರಿಗೆ ಮಾರಿದ್ರಿ ಈಗ ಅದನ್ನ?" ಎಂದಳು ಹೆಂಡತಿ, ಅವರು ಹೋದ ಮೇಲೆ.

"ಯಾರಿಗೂ ಇಲ್ಲ ಕಣೇ."

"ಅಂದ್ರೆ ನಾವೇ ಕೊಂಡ್ಕೊಂಡ್ವಿ ಅನ್ನಿ."

ಬಾಯಿ ಬಿಟ್ಟರೆ ಬಣ್ಣಗೇಡು. ಅಪ್ಪಟಣ್ಣನಿಗೆ ಈ ಗಾದೆ ಗೊತ್ತಿತ್ತು. ಬಾಯಿ ಬಿಟ್ಟ ಮೇಲೆ ಪ್ರತಿಸಲವೂ ತಪ್ಪದೆ ನೆನಪಾಗುತ್ತಿತ್ತು.

ಇಲಾಖೆಯ ಆದೇಶ ಹೀಗಿತ್ತು: "ಫಲಾನುಭವಿಯು ಶ್ರೀಮಂತನಾಗಿರುವುದನ್ನು ಇಲಾಖೆ ಹರ್ಷದಿಂದ ಗಮನಿಸಿದೆ. ಸದರಿ ಹರ್ಷದ ದಿನಾಂಕದಿಂದ ಸಹಾಯಧನವನ್ನು ನಿಲ್ಲಿಸಲಾಗಿದೆ. ಕಪಾಟು ಖರ್ಚಾದ ನಂತರ ಮರಳಿ ಅರ್ಜಿ ಸಲ್ಲಿಸತಕ್ಕದ್ದು."

ಅಪ್ಪಟಣ್ಣ ಕಚೇರಿಗೆ ಓಡಿದ. ಅಲ್ಲಿನ ಅಧಿಕಾರಿ ಮೃದು ಸ್ವಭಾವದವರು; ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ, ನಿಯಮ ಇಲ್ಲ ಎನ್ನುತ್ತಿದ್ದರು.

"ಕಪಾಟನ್ನ ಖರ್ಚು ಮಾಡೋದು ಹೇಗೆ ಸಾರ್?"

"ಸ್ವಲ್ಪ ಸ್ವಲ್ಪವಾಗಿ. ಈ ತಿಂಗಳು ಒಂದು ಬಾಗಿಲು, ಮುಂದಿನ ತಿಂಗಳು ಇನ್ನೊಂದು. ದುಂದು ಮಾಡ್ಬೇಡಿ."

"ಗುಜರಿಯವನನ್ನ ಕರೆಸಿದ್ದೆ ಸಾರ್. ಬೆರಳಲ್ಲಿ ಒಂದ್ಸಲ ತಟ್ಟಿ ನಕ್ಕುಬಿಟ್ಟ. ಸಾಗಿಸೋಕೆ ನಾನೇ ಅವನಿಗೆ ದುಡ್ಡು ಕೊಡ್ಬೇಕಂತೆ. ಪುಕ್ಕಟೆ ಯಾರಿಗಾದ್ರೂ ಕೊಟ್ಟುಬಿಡ್ಲಾ?"

"ಕೊಡಿ. ಕೊಟ್ಟ ಮೇಲೂ ನಿಯಮದ ಪ್ರಕಾರ ಅದು ನಿಮ್ಮ ಹತ್ರಾನೇ ಇರುತ್ತೆ. ಬಡತನದ ಆಸೆಗೆ ಬಿದ್ದು ಆಸ್ತಿ ಕಳ್ಕೊಂಡವರನ್ನ ನಾವು ಬಡವರು ಅಂತ ಒಪ್ಪಲ್ಲ."

ಅಪ್ಪಟಣ್ಣ ಮೇಜಿನ ಮೇಲೆ ಬಗ್ಗಿ ದನಿ ತಗ್ಗಿಸಿದ. "ನಿಜ ಹೇಳ್ಬಿಡ್ತೀನಿ ಸಾರ್. ಅದು ತೇಗ ಅಲ್ಲ. ಪ್ಲೈವುಡ್ಡು." ವೃತ್ತಿಜೀವನದಲ್ಲಿ ಇದೇ ಮೊದಲು.

ಅಧಿಕಾರಿ ಕಿವಿಯ ಮೇಲೆ ಕೈಯಿಟ್ಟುಕೊಂಡರು. "ನಾನು ಕೇಳಿಸ್ಕೊಂಡಿಲ್ಲ ಸ್ವಾಮಿ. ಕೇಳಿಸ್ಕೊಂಡ್ರೆ ನೀವು ಮೊದಲು ಹೇಳಿದ್ದು ಸುಳ್ಳಾಗುತ್ತೆ. ಸುಳ್ಳು ಹೇಳಿದವರಿಗೆ ಜೀವ ಇರೋವರೆಗೂ ಸಹಾಯಧನ ಇಲ್ಲ. ಶ್ರೀಮಂತ ಆಗ್ತೀರೋ, ಸುಳ್ಳುಗಾರ ಆಗ್ತೀರೋ?"

ಅಪ್ಪಟಣ್ಣನಿಗೆ ಅನುಭವವಿದ್ದದ್ದು ಎರಡನೆಯದರಲ್ಲಿ. ಆದರೂ ಮೊದಲನೆಯದನ್ನೇ ಆರಿಸಿಕೊಂಡು ಮನೆಗೆ ಬಂದ.

ಔಷಧಿ ಮುಗಿಯಿತು. ಹೆಂಡತಿ ಬೈಯುವುದನ್ನು ನಿಲ್ಲಿಸಿದಳು. ದಿಂಬಿಗೆ ಒರಗಿ ಕೂತು ಅವನನ್ನೇ ನೋಡತೊಡಗಿದಳು. ತನ್ನ ನಾಲಿಗೆಯನ್ನು ಯಾರಾದರೂ ತೆಗೆದುಕೊಳ್ಳುವುದಾದರೆ ಪುಕ್ಕಟೆ ಕೊಟ್ಟುಬಿಡಬೇಕೆನಿಸಿತು ಅಪ್ಪಟಣ್ಣನಿಗೆ. ಆದರೆ ಕೊಟ್ಟ ಮೇಲೂ ನಿಯಮದ ಪ್ರಕಾರ ಅದು ಅವನ ಹತ್ತಿರವೇ ಇರುತ್ತಿತ್ತು. ಮತ್ತೆ ಕಚೇರಿಗೆ ಹೋಗಿ ಅಧಿಕಾರಿಯ ಮುಂದೆ ಅತ್ತ. ನಟನೆಯಲ್ಲ, ನಿಜವಾಗಿ ಅತ್ತ.

ಅಧಿಕಾರಿಗೆ ಮನಸ್ಸು ಕರಗಿತು. "ಒಂದೇ ಒಂದು ವಿನಾಯಿತಿ ಇದೆ. ಫಲಾನುಭವಿ ವಾಸ ಮಾಡೋ ಸ್ವಂತ ಮನೆಯನ್ನ ಆಸ್ತಿ ಅಂತ ಲೆಕ್ಕಕ್ಕೆ ಹಿಡಿಯಲ್ಲ."

"ನಮಗೆ ಸ್ವಂತ ಮನೆ ಎಲ್ಲಿದೆ ಸಾರ್?"

"ಕಪಾಟು ಎಷ್ಟು ಎತ್ತರ ಇದೆ?"

ಅಪ್ಪಟಣ್ಣ ಕೈಯೆತ್ತಿ ತೋರಿಸಿದ.

"ಬಾಗಿಲು?"

"ಎರಡು."

"ನಮ್ಮ ಮನೆಗೇ ಒಂದು," ಎಂದರು ಅಧಿಕಾರಿ, ತುಸು ಅಸೂಯೆಯಿಂದ.

ಹೆಂಡತಿಗೆ ವಿಷಯ ತಿಳಿಸಿದಾಗ ಆಕೆ ಇದ್ದ ಉಸಿರನ್ನೆಲ್ಲ ಕೂಡಿಸಿಕೊಂಡು ಹೇಳಿದಳು: "ಔಷಧಿ ಬೇಕಂದ್ರೆ... ಕಪಾಟಲ್ಲಿ ಕೂರ್ಬೇಕು. ಕಪಾಟಲ್ಲಿ ಕೂತ್ರೆ... ಔಷಧಿ ಬೇಕು. ಸರಿಯಾಗಿ ಕುದುರಿಸಿದೀರ ಬಿಡಿ."

ತಪಾಸಣೆಗೆ ಬಂದವರೂ ಅದೇ ಮೌಲ್ಯಮಾಪಕಿ. ಕೋಣೆಯನ್ನು ಬೀದಿಯಂತೆ ದಾಟಿ ಬಂದು, ಕಪಾಟಿನ ಮುಂದೆ ಚಪ್ಪಲಿ ಬಿಟ್ಟು, ಬಾಗಿಲು ತಟ್ಟಿದರು. "ಮನೇಲಿ ಯಾರಿದೀರಿ?"

"ನಾವೇ ಮೇಡಂ! ಬನ್ನಿ ಬನ್ನಿ," ಎಂದು ಅಪ್ಪಟಣ್ಣ ಬಾಗಿಲು ತೆರೆದ. ಮಂಡಿ ಗದ್ದಕ್ಕೆ ತಾಗಿಸಿಕೊಂಡು ಇಬ್ಬರೂ ಎದುರುಬದುರಾಗಿ ಕೂತಿದ್ದರು. ಸುಮ್ಮನಿರಬೇಕೆಂದು ಬೆಳಿಗ್ಗೆಯೇ ಆಣೆ ಮಾಡಿದ್ದ. "ಮೇಲಿನ ಹಲಗೆ ಅಟ್ಟ. ಕೆಳಗಿನ ಡ್ರಾಯರ್ ನೆಂಟರಿಗೆ, ಕಾಲು ಮಡಚೋ ಅಭ್ಯಾಸ ಇರೋರಿಗೆ ತುಂಬಾ ಅನುಕೂಲ. ಬಾಗಿಲ ಒಳಗೆ ಕನ್ನಡಿ ಇರೋದ್ರಿಂದ ಮನೆ ಇನ್ನೂ ದೊಡ್ಡದಾಗಿ ಕಾಣುತ್ತೆ..."

"ಕಿಟಕಿ?"

ಅಪ್ಪಟಣ್ಣ ಕನ್ನಡಿಯ ಕಡೆ ನೋಡಿದ.

"ಕಿಟಕಿ ಇಲ್ದೆ ವಾಸಯೋಗ್ಯ ಅಂತ ಬರೆಯಕ್ಕಾಗಲ್ಲ. ಇರ್ಲಿ, ಬಾಗಿಲು ಮುಚ್ಕೊಳ್ಳಿ. ಬಾಗಿಲು ಮುಚ್ಕೊಂಡು ಇದ್ರೇನೇ ವಾಸ ಅನ್ನೋದು."

ಬಾಗಿಲು ಮುಚ್ಚಿತು. ಚಿಲಕ ತಾನಾಗಿ ಬಿತ್ತು. ಕತ್ತಲು, ನುಸಿಗುಳಿಗೆ, ಅದರ ನಡುವೆ ಹೆಂಡತಿಯ ಎದೆಯಿಂದ ಸಣ್ಣ ಸಿಳ್ಳು. ಮೊದಲು ಸಿಳ್ಳು ಜೋರಾಯಿತು, ಆಮೇಲೆ ಕಡಿಮೆಯಾಯಿತು. ಕಡಿಮೆಯಾದದ್ದೇ ಹೆಚ್ಚು ಭಯ ಹುಟ್ಟಿಸಿತು. "ತೆಗೀರಿ ಮೇಡಂ! ನಾನು ಸುಳ್ಳುಗಾರ, ಬರ್ಕೊಳ್ಳಿ, ತೆಗೀರಿ!" ಎಂದು ಅಪ್ಪಟಣ್ಣ ಕೂಗಿದ. ಹೊರಗಿನಿಂದ ಎಳೆದರೂ ಚಿಲಕ ಅಲ್ಲಾಡಿತೇ ವಿನಾ ತೆರೆಯಲಿಲ್ಲ.

ಹೆಂಡತಿ ಹೊರಳಿ ಅವನ ಎದೆಗೆ ಬೆನ್ನು ಕೊಟ್ಟು, ಎರಡೂ ಕಾಲಿನಿಂದ ಕಪಾಟಿನ ಹಿಂಬದಿಗೆ ಒದ್ದಳು. ಹಪ್ಪಳ ಮುರಿದಂತೆ ಸದ್ದಾಯಿತು. ಬೆಳಕು ಬಂತು. ಆಕೆ ತೂತಿನಿಂದ ತಲೆ ಹೊರಹಾಕಿ, ಒಲೆಯ ಕಡೆ ಮುಖಮಾಡಿ, ಗಾಳಿ ಕುಡಿದಳು. ಅಪ್ಪಟಣ್ಣ ಅವಳ ಸೊಂಟ ಹಿಡಿದುಕೊಂಡು ಅಳುತ್ತಿದ್ದ.

ಮೌಲ್ಯಮಾಪಕಿ ಸುತ್ತಿ ಬಂದು ತೂತಿನ ಅಂಚನ್ನು ಬೆರಳಲ್ಲಿ ಮುಟ್ಟಿದರು. ಮರ ಹಾಳೆ ಹಾಳೆಯಾಗಿ ಎದ್ದು ಬಂತು. "ಇದು... ಪದರ ಪದರವಾಗಿ ಬರ್ತಿದೆಯಲ್ಲ?"

ಅಪ್ಪಟಣ್ಣ ಬಾಯಿ ತೆರೆದ. ಹುಟ್ಟಿದ ಮೇಲೆ ಮೊದಲ ಸಲ ಅದರಲ್ಲಿ ಏನೂ ಇರಲಿಲ್ಲ.

"ತೇಗ ಮೇಡಂ," ಎಂದಳು ಹೆಂಡತಿ, ಏದುಸಿರಿನ ನಡುವೆ. "ತುಂಬಾ ಹಳೇ ತೇಗ... ಪಕ್ವವಾದ್ರೆ ಹಾಗೇ ಪದರ ಬಿಡುತ್ತೆ. ಅಪ್ಪಟ."

ಮೌಲ್ಯಮಾಪಕಿ ಆ ಪದರವನ್ನು ನೋಡಿದರು. ಮೊದಲು ತೇಗ ಎಂದು ಬರೆದವರೂ ಅವರೇ. ಪೆನ್ನು ತೆಗೆದು ಬರೆದರು: "ವಾಸದ ಮನೆ. ಎರಡು ಬಾಗಿಲು, ಒಂದು ಕಿಟಕಿ. ಅಪ್ಪಟ ತೇಗ."

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಈ ಪ್ರಕರಣದಲ್ಲಿ ಮಾತು ಕೆಡಿಸಿದ ಮನೆಯನ್ನು ತೂತು ಉಳಿಸಿತೆಂದು ಕಡತದಲ್ಲಿ ದಾಖಲಾಗಿದೆ. ಸಹಾಯಧನ ಮತ್ತೆ ಬರುತ್ತಿದೆ. ಕಪಾಟು ಸ್ವಂತ ಮನೆಯಾದ್ದರಿಂದ ಅದರ ಸುತ್ತಲಿನ ಕೋಣೆಯನ್ನು ಅಂಗಳವೆಂದು ಪರಿಗಣಿಸಿ ಮಾಲೀಕರು ಅಂಗಳಕ್ಕೆ ಮೊದಲಿನಷ್ಟೇ ಬಾಡಿಗೆ ತೆಗೆದುಕೊಳ್ಳುತ್ತಾರೆ. ಬೀದಿಯವರೂ ರೂಢಿಸಿಕೊಂಡಿದ್ದಾರೆ, ಅಂಗಳಕ್ಕೆ ಹೇಳದೆ ನುಗ್ಗಿದರೂ ಮನೆಯ ಬಾಗಿಲನ್ನು ತಟ್ಟದೆ ತೆರೆಯುವುದಿಲ್ಲ. ಸತ್ತ ಬಂಧುಗಳ ಆಸ್ತಿ ಬಂದವರೆಲ್ಲ ಅದರೊಳಗೆ ವಾಸಿಸಲು ಪ್ರಯತ್ನಿಸಬೇಕೆಂದು ಇಲಾಖೆ ಸುತ್ತೋಲೆ ಹೊರಡಿಸಿದೆ.

ತಪಾಸಣೆಯ ದಿನ ಇಬ್ಬರೂ ಬೆಳಿಗ್ಗೆಯೇ ಒಳಗೆ ಹೋಗಿ ಕೂರುತ್ತಾರೆ. ಹೆಂಡತಿ ಕಿಟಕಿಯಿಂದ ತಲೆ ಹೊರಹಾಕಿ, ಮದುವೆಯಾದಂದಿನಿಂದ ಹಿಡಿದು ಒಂದನ್ನೂ ಬಿಡದೆ, ಸಂಜೆಯವರೆಗೆ ಅವನನ್ನು ಬೈಯುತ್ತಾಳೆ. ಅಪ್ಪಟಣ್ಣ ಒಳಗೆ ಮಂಡಿ ತಬ್ಬಿಕೊಂಡು, ಬಾಯಿ ಮುಚ್ಚಿಕೊಂಡು, ಆ ಉಸಿರನ್ನು ಕೇಳುತ್ತಾ ಸುಖವಾಗಿರುತ್ತಾನೆ.