ಕುದುರೆಮುಖದಲ್ಲಿ ನನ್ನ ಭಾಷಣ ಕೇಳಿದವರು

ಕೆಲವರು ರಾಜಕೀಯ ಅಭಿಪ್ರಾಯವನ್ನು ಓದಿ ಸಂಪಾದಿಸುತ್ತಾರೆ. ನನಗೆ ಅದು ಕಾಫಿ ತೋಟದ ಜೊತೆಗೇ ಅಪ್ಪನಿಂದ ಬಂತು. ಕೂಲಿ, ಯೂನಿಯನ್ ಎಂಬ ಮಾತು ಬಂದರೆ ಯೋಚಿಸದೆಯೇ ಮಾಲೀಕರ ಪರ ವಾದಿಸಬಲ್ಲೆ. ಕಳಸದಲ್ಲಿ ಜೀಪ್ ರಿಪೇರಿ ಮಾಡುವ ಬಶೀರ್ ಅಷ್ಟೇ ಸಲೀಸಾಗಿ ಕೂಲಿಯವರ ಪರ. ನಮ್ಮಿಬ್ಬರ ಜಗಳ ಕೇಳಿ ಕೇಳಿ ಸಾಕಾಗಿದ್ದ ನಮ್ಮ ನಾಟಕ ತಂಡದ ನಿರ್ದೇಶಕಿ ವಸಂತಿ ಮೇಡಂ, ಈ ಸಲ ಬಶೀರನಿಗೆ ಕಾರ್ಖಾನೆ ಮುಚ್ಚುವ ಮಾಲೀಕನ ಪಾತ್ರ ಕೊಟ್ಟು ನನ್ನನ್ನು ಕಾರ್ಮಿಕ ಮುಖಂಡನನ್ನಾಗಿ ಮಾಡಿಬಿಟ್ಟರು. "ಒಂದ್ಸಲ ಎದುರಿನವ್ರ ಬಾಯಲ್ಲಿ ಮಾತಾಡಿ ನೋಡಿ" ಎಂದರು. ಅವನು ನನ್ನನ್ನು "ಏನೋ" ಎನ್ನಬೇಕು, ನಾನು ಕೈಮುಗಿದು "ಸ್ವಾಮಿ" ಎನ್ನಬೇಕು. ಅವನಿಗೆ ಬಹಳ ಬೇಗ ರೂಢಿಯಾಯಿತು.

ಕಳಸದ ಸಭಾಭವನಗಳೆಲ್ಲ ಮದುವೆಗಳಿಗೆ ಬುಕ್ ಆಗಿದ್ದರಿಂದ ಪ್ರಾಕ್ಟೀಸಿಗೆಂದು ಕುದುರೆಮುಖಕ್ಕೆ ಹೋದೆವು. ಗಣಿ ನಿಂತ ಮೇಲೆ ಜನ ಖಾಲಿಯಾದ ಊರು. ಸಾಲು ಸಾಲು ಮನೆ, ಒಂದರ ಮುಂದೂ ಬಟ್ಟೆ ಒಣಗಹಾಕಿಲ್ಲ. ಹಳೆಯ ಸಭಾಂಗಣದ ಮಡಚುವ ಕುರ್ಚಿಗಳು ತುಕ್ಕು ಹಿಡಿದು, ಯಾರೋ ಕೂತಿರುವಂತೆ ಬಿಚ್ಚಿಕೊಂಡೇ ನಿಂತಿದ್ದವು. ಮಧ್ಯಾಹ್ನವಾದರೂ ಒಡೆದ ಕಿಟಕಿಗಳಿಂದ ಮಂಜು ನುಗ್ಗಿ ಹಿಂದಿನ ಸಾಲುಗಳು ಕಾಣದಾದವು.

ಬಶೀರ್ ಗಂಟಲು ಸರಿಮಾಡಿಕೊಂಡು ಶುರುಮಾಡಿದ. "ನಾಳೆಯಿಂದ ಕೆಲಸ ಇಲ್ಲ. ಎಲ್ಲರೂ ಊರಿಗೆ ಹೋಗಬಹುದು."

ಮಂಜಿನೊಳಗೆ ಒಂದು ಕುರ್ಚಿ ಟಪ್ಪೆಂದು ಮಡಚಿಕೊಂಡಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಇಡೀ ಸಾಲು, ಒಬ್ಬರ ಹಿಂದೊಬ್ಬರು ಎದ್ದು ಹೋಗುವ ಹಾಗೆ, ಬಾಗಿಲ ಕಡೆಗೆ. ಬಶೀರ್ ಎರಡು ಹೆಜ್ಜೆ ಹಿಂದೆ ಸರಿದ. ನನ್ನ ಕಾಲು ಓಡಲು ತಯಾರಾಗಿತ್ತು, ಬಾಯಿ ಮಾತ್ರ ಕೇಳಲಿಲ್ಲ. "ಯಾರೂ ಹೋಗ್ಬೇಡಿ, ಮೊದ್ಲು ನಮ್ ಮಾತಿಗೆ ಉತ್ತರ ಕೊಡ್ಲಿ ಇವ್ರು" ಎಂದೆ. ಅದು ನಾಟಕದಲ್ಲಿರಲಿಲ್ಲ, ನನ್ನ ತಲೆಯಲ್ಲಂತೂ ಯಾವತ್ತೂ ಇರಲಿಲ್ಲ. ಸದ್ದು ನಿಂತಿತು. ಆ ನಿಶ್ಶಬ್ದಕ್ಕೆ ಹೆದರಿ ನನ್ನ ಉದ್ದನೆಯ ಭಾಷಣವನ್ನು ಒಂದು ಅಕ್ಷರ ಬಿಡದೆ ಒಪ್ಪಿಸಿದೆ. ಒಂದು ಕುರ್ಚಿಯೂ ಅಲುಗಲಿಲ್ಲ.

"ತೇವಕ್ಕೆ ಸ್ಪ್ರಿಂಗ್ ಬಿಟ್ಕೊಂಡಿರ್ಬೇಕು" ಎಂದರು ಮೇಡಂ. ಹಾಗೆನ್ನುವಾಗ ಅವರು ಆಗಲೇ ಜೀಪಿನಲ್ಲಿ ಕೂತಿದ್ದರು.

ದಾರಿಯಲ್ಲಿ ಬಶೀರ್ ಎರಡು ಸಲ ಹಿಂದೆ ತಿರುಗಿ ನೋಡಿದ. ಆಮೇಲೆ ಮೆಲ್ಲಗೆ, "ಅವ್ರನ್ನ ಕಳಿಸಿದ್ದು ನಾನು, ನಿಲ್ಸಿದ್ದು ನೀವು ಮಾರಾಯ್ರೆ. ಪೇಟೇಲಿ ಯಾರಿಗೂ ಹೇಳ್ಬೇಡಿ" ಎಂದ.

"ನಾನ್ಯಾಕೆ ಹೇಳ್ಲಿ? ತೋಟದ ಮಾಲೀಕ್ರಿಗೆ ಗೊತ್ತಾದ್ರೆ ನನ್ನನ್ನ ಹತ್ರ ಸೇರಿಸ್ತಾರಾ?" ಎಂದೆ.

ಕಳಸದಲ್ಲಿ ನಾಟಕ ಚೆನ್ನಾಗಿಯೇ ಆಯಿತು. ಬಶೀರನ ಮಾಲೀಕನ ಪಾತ್ರಕ್ಕೆ ತೋಟದವರೂ ಕೆಲಸದವರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು. ನನ್ನ ಭಾಷಣ ಶುರುವಾಗುತ್ತಲೇ ಮುಂದಿನ ಸಾಲಿನವರು ಸಿಗರೇಟಿಗೆ ಎದ್ದರು, ಹಿಂದಿನ ಸಾಲಿನವರು ಚಹಾಕ್ಕೆ. "ಯಾರೂ ಹೋಗ್ಬೇಡಿ" ಎಂದು ಎಷ್ಟು ಕೂಗಿದರೂ ಯಾರೂ ಕೇಳಲಿಲ್ಲ. ಕೊನೆಯವರೆಗೆ ಅಲುಗದೆ ಕೂತವಳು ನನ್ನ ಹೆಂಡತಿ ಒಬ್ಬಳೇ. ಅಭಿಮಾನದಿಂದ ಇಳಿದು ಹತ್ತಿರ ಹೋಗಿ ನೋಡಿದರೆ, ಗಾಢ ನಿದ್ದೆ.