ಈಳಿಗೆಗೆ ಎರಡನೇ ಬಿಸಿ

ನಮ್ಮ ಯಜಮಾನರ ಜೊತೆ ನೆಂಟರ ಮನೆಗೆ ಊಟಕ್ಕೆ ಹೋಗುವುದಕ್ಕಿಂತ ಆ ದಿನ ಉಪವಾಸ ಮಾಡುವುದೇ ಮೇಲು! ಹಿಂದೂಪುರದ ಕಾರ್ಖಾನೆಯೊಂದರಲ್ಲಿ ಉಕ್ಕು ಕಾಯಿಸಿ ಹದ ಮಾಡುವ ಕೆಲಸ ಅವರದು. ಜೇಬಿನಲ್ಲಿ ಸದಾ ಒಂದು ಪುಟ್ಟ ಅರ. ಯಾರ ಮನೆಗೆ ಹೋದರೂ ಅಡುಗೆಮನೆಗೆ ನುಗ್ಗಿ, ಚಾಕುವಿನ ಮೇಲೆ ಅರ ಉಜ್ಜಿ, "ಇದು ಉಕ್ಕಲ್ಲ ಕಣಮ್ಮ, ಬೆಣ್ಣೆ" ಎಂದುಬಿಡುತ್ತಾರೆ. ಪರಿಗಿಯ ಸತ್ಯನಾರಾಯಣ ಪೂಜೆಯಲ್ಲಿ ಪುರೋಹಿತರು ಬಾಳೆಹಣ್ಣು ಹೆಚ್ಚುತ್ತಿದ್ದ ಚಾಕುವನ್ನೂ ಬಿಡಲಿಲ್ಲ. ಮಂಗಳಾರತಿ ತಟ್ಟೆ ಹಿತ್ತಾಳೆಯದಾಗಿತ್ತು, ಅಷ್ಟೇ ನನ್ನ ಪುಣ್ಯ!

ಕಲ್ಯಾಣದುರ್ಗದ ನನ್ನ ತವರಿಗೆ, ತಂಗಿಯನ್ನು ನೋಡಲು ಅದೇ ಊರಿನ ಗಂಡಿನವರು ಬಂದ ದಿನವಾದರೂ ಸುಮ್ಮನಿರಬಾರದೇ? ಅವ್ವನ ಈಳಿಗೆ ಮೊಂಡಾಗಿದೆಯೆಂದು ಅಲಗನ್ನು ಮಣೆಯಿಂದ ಕಿತ್ತು, ಒಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿ, ನೀರಿಗೆ ಅದ್ದಿದರು. ಚುಂಯ್! ಅವ್ವ ಅದನ್ನು ಮತ್ತೆ ಮಣೆಗೆ ಸಿಕ್ಕಿಸಿ ಕುಂಬಳಕಾಯಿ ಒತ್ತಿದಳು. ಲಟಕ್ಕನೆ ಎರಡು ತುಂಡು, ಕಾಯಿಯಲ್ಲ, ಅಲಗು!

ಬಾಗಿಲಲ್ಲಿ ಗಂಡಿನ ತಾಯಿ ನಿಂತಿದ್ದರು! ಹೇಳಿ ಕಳಿಸುತ್ತೇವೆಂದು ಹೊರಟವರು, ಅಪಶಕುನ ಅಂದದ್ದು ಅಂಗಳದಿಂದಲೇ ನಮಗೆ ಕೇಳಿಸಿತು. ತಂಗಿ ಮುಡಿದ ಹೂವನ್ನೂ ತೆಗೆಯದೆ ಗೋಡೆಗೆ ಮುಖ ಮಾಡಿ ಕೂತಳು. ನಾಚಿಕೆಯಿಂದ ನಾನು ನೆಲಕ್ಕಿಳಿದುಹೋದೆ. ಇವರೋ, ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು!

"ಎಲ್ಲಾನ ಹೋಗಿ, ನನ್ ಕಣ್ಮುಂದೆ ಇರಬ್ಯಾಡಿ," ಅಂದೆ. ನಿಜವಾಗಿಯೂ ಎದ್ದು ಹೋದರು. ಸಂಜೆ ಬಂದವರು ಕೈಕಾಲು ತೊಳೆದು ಊಟಕ್ಕೆ ಕೂತರು; ಎಲ್ಲಿಗೆ ಹೋಗಿದ್ದರೆಂದು ನಾನೂ ಕೇಳಲಿಲ್ಲ.

ಕೆಲವೇ ದಿನಗಳಲ್ಲಿ ಅಪ್ಪನ ಹೊಸ ಮೊಬೈಲಿಗೆ ಗಂಡಿನವರ ಒಪ್ಪಿಗೆ ಬಂತು! ಎಲ್ಲಾ ಕದಿರಿ ನರಸಿಂಹಸ್ವಾಮಿಯ ದಯೆ ಎಂದು ತುಪ್ಪದ ದೀಪ ಹಚ್ಚಿದೆ.

ಮದುವೆಯ ದಿನ ಗಂಡಿನ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. ಅಂದು ಇವರು ತುಂಡುಗಳನ್ನು ಟವಲಿನಲ್ಲಿ ಸುತ್ತಿಕೊಂಡು ಅವರ ಮನೆಗೇ ಹೋಗಿದ್ದರಂತೆ. ಕೆಂಪಗೆ ಕಾದ ಉಕ್ಕು ಥಟ್ಟನೆ ತಣಿದರೆ ಅದರೊಳಗೆ ಸೂಜಿಯಂಥ ಹರಳುಗಳು ಬಿಗಿದುಕೊಳ್ಳುತ್ತವೆ, ಗಟ್ಟಿಯಾದರೂ ಗಾಜಿನಂತೆ ಒಡೆಯುತ್ತದೆ, ಮತ್ತೊಮ್ಮೆ ಹಿತವಾಗಿ ಬಿಸಿ ಕೊಟ್ಟರೆ ಬಿಗಿ ಸಡಿಲಿ ಬಾಳಿಕೆ ಬರುತ್ತದೆ ಎಂದು ಪಾಠ ಒಪ್ಪಿಸಿದರಂತೆ. ಬೀಗರ ಮನೆಯಲ್ಲೂ ಪಾಠವೇ! ನನ್ನ ಕೈ ಸೆರಗಿಗೆ ಹೋಯಿತು.

"ಆಮೇಲೆ ಕೈ ಮುಗುದ್ಬುಟ್ರು ಕಣಮ್ಮ," ಅಂದರು ಆಕೆ. "ಆ ಎರಡ್ನೇ ಬಿಸಿ ಕೊಡ್ದೆ ಅವಸರ ಮಾಡ್ದೋನು ನಾನು, ಅದನ್ನ ಹುಡುಗಿ ತಲೆಮ್ಯಾಕೆ ಹಾಕಬ್ಯಾಡಿ ಅಂದ್ರು. ನಮ್ಮನೇಲಿ ಯಾವ ಗಂಡಸೂ ತಪ್ಪು ನಂದೇ ಅಂದಿದ್ದು ನಾ ಕೇಳಿಲ್ಲ."

ನಾನು ಮಾತ್ರ ಕೇಳಿದ್ದೆನೇ? ಬಸ್ಸು ತಪ್ಪಿದರೆ ಗಡಿಯಾರವನ್ನು ಬೈಯುವ ಮನುಷ್ಯ!

ಈಗಲೂ ಅವರು ಇನ್ನೊಬ್ಬರ ಚಾಕು ಮುಟ್ಟಿದರೆ ಸೆರಗು ಮುಖಕ್ಕೆ ಬರುತ್ತದೆ. ಆದರೆ ಊರಿಗೆ ಹೊರಡುವಾಗ ಅವರು ಅರ ಮರೆತರೆ, ಒಳಗಿಂದ ತಂದು ಜೇಬಿಗೆ ಹಾಕುವವಳು ನಾನೇ.