ಗೇಟ್ ಮೀಟಿಂಗಿನಲ್ಲಿ ಹರಿದ ಪಾಸ್‌ಬುಕ್ಕಿನ ಬಗ್ಗೆ

ಮಾನ್ಯ ಶಾಖಾ ವ್ಯವಸ್ಥಾಪಕರಾದ ರಾಮಚಂದ್ರ ರಾಯರೇ,

ವಿಶಾಖಪಟ್ಟಣದ ಔಷಧ ಕಾರ್ಖಾನೆಯೊಂದರ ನೌಕರನೂ, ಮೂರು ತಿಂಗಳ ಹಿಂದಿನವರೆಗೆ ತಮ್ಮ ಖಾತೆದಾರನೂ, ಸದ್ಯ ಯಾವ ಬ್ಯಾಂಕಿಗೂ ಬೇಡದವನೂ ಆದ ರಮಾಕಾಂತನ ಸವಿನಯ ನಮಸ್ಕಾರಗಳು.

ಮೊದಲು ವಿಷಯ ನೇರವಾಗಿರಲಿ. ತಾವು ಕೊಡುತ್ತೇವೆಂದದ್ದು ಎರಡು: ಒಂಬತ್ತು ವರ್ಷ ಸಂಬಳ ತಮ್ಮಲ್ಲೇ ಜಮಾ ಆದವನಿಗೆ ಹದಿನೈದು ದಿನದಲ್ಲಿ ಮನೆ ಸಾಲ, ಕೌಂಟರಿನ ಮೇಲೆ ದಾರ ಕಟ್ಟಿರದ ಪೆನ್ನು. ಕೊಡದೆ ಹೋದದ್ದು ಒಂದೇ: ಪೆನ್ನು. ನಾನು ಧಿಕ್ಕರಿಸಿ ಬಂದದ್ದು ಎರಡನ್ನೂ.

ಪೆನ್ನಿಗೆ ದಾರ ಕಟ್ಟುವುದೆಂದರೆ ಗ್ರಾಹಕನನ್ನು ಕಳ್ಳನೆಂದು ಸಾರಿದಂತೆ ಎಂದು ದಾವಣಗೆರೆಯ ಹತ್ತಿ ಗಿರಣಿಗಳ ಮುಂದೆ ಘೋಷಣೆ ಕೂಗಿ ಬೆಳೆದ ನನಗೆ ತೋರಿದ್ದು ಸಹಜ. ಆದರೆ ಅದಕ್ಕಾಗಿ ಕರಪತ್ರ ಅಚ್ಚು ಹಾಕಿಸಿ, ಕಾರ್ಖಾನೆಯ ಗೇಟಿನೆದುರು ಸಭೆ ಸೇರಿಸಿ, ಮೂವತ್ತೊಂದು ಸಹೋದ್ಯೋಗಿಗಳ ಚಪ್ಪಾಳೆಯ ನಡುವೆ ಪಾಸ್‌ಬುಕ್ಕನ್ನು ನಾಲ್ಕು ತುಂಡು ಮಾಡಿದ್ದು ಸಂಪೂರ್ಣವಾಗಿ ನನ್ನ ಸ್ವಂತ ಪ್ರತಿಭೆ. ಖಾತೆ ಮುಚ್ಚಲು ಬಂದ ದಿನ ತಾವು ತಮ್ಮ ಉಡುಪಿಯ ಕನ್ನಡದಲ್ಲಿ, “ಮನೆ ಗಿನೆ ತೆಗೊಳ್ಳುವ ಅಂದಾಜು ಉಂಟಾ? ಹಾಗಾದ್ರೆ ಸ್ವಲ್ಪ ತಡೀರಿ ಮಾರಾಯ್ರೆ” ಎಂದಿರಿ. ಬಂಡವಾಳಶಾಹಿ ಮೆತ್ತಗೆ ಮಾತಾಡಿದಾಗಲೇ ಹೆಚ್ಚು ಎಚ್ಚರವಾಗಿರಬೇಕೆಂದು ನಾನು ಇಡೀ ಶಾಖೆಗೆ ಕೇಳುವಂತೆ ಉಪನ್ಯಾಸ ಕೊಟ್ಟೆ. ಆ ಹೊತ್ತಿಗೆ ನನ್ನ ಹೆಂಡತಿ ಪದ್ಮಾ, ನಾವಿಬ್ಬರೂ ನೋಡಿ ಒಪ್ಪಿದ್ದ ಋಷಿಕೊಂಡದ ದಾರಿಯ ಫ್ಲ್ಯಾಟಿಗೆ ಮುಂಗಡ ಕೊಟ್ಟು ಒಂದು ವಾರವಾಗಿತ್ತು.

ಮುಂದಿನ ಸಂಬಳದ ದಿನ ತಿಳಿಯಿತು: ಚಪ್ಪಾಳೆ ತಟ್ಟಿದ ಮೂವತ್ತೊಂದು ಮಂದಿಯೂ ತಮ್ಮ ಶಾಖೆಯ ಸಾಲಿನಲ್ಲೇ ನಿಂತಿದ್ದರು. ಜನಸಮುದಾಯ ಮುಂದೆ ಹೋಯಿತು, ನಾಯಕನೊಬ್ಬನೇ ಬೇರೆ ಬ್ಯಾಂಕಿಗೆ ಹೋದ.

ಆ ಹೊಸ ಬ್ಯಾಂಕಿನಲ್ಲಿ ಸೋಫಾ ಇದೆ, ತಂಪು ಗಾಳಿ ಇದೆ, ಸಾಲ ಮಾತ್ರ ಇಲ್ಲ. ಮೊದಲು ಅವರಲ್ಲಿ ಆರು ತಿಂಗಳ ಸಂಬಳ ಜಮಾ ಆಗಿರಬೇಕಂತೆ. ಈ ಅನ್ಯಾಯವನ್ನು ಮೇಲಿನವರಿಗೆ ಮುಟ್ಟಿಸಲು ರೈಲು ಹತ್ತಿ ವಿಜಯವಾಡಕ್ಕೆ ಹೋಗಿ, ಬೆಂಜ್ ಸರ್ಕಲಿನ ಅವರ ಪ್ರಾದೇಶಿಕ ಕಚೇರಿಯಲ್ಲಿ ಸೀತಾಮಹಾಲಕ್ಷ್ಮಿ ಎಂಬ ಅಧಿಕಾರಿಯ ಮುಂದೆ ಮುಕ್ಕಾಲು ಗಂಟೆ ಮಾತಾಡಿದೆ. ಆಕೆ ನೀರು ಕೊಟ್ಟು, “ಆರು ನೆಲಲು ಆಗಂಡಿ ಸಾರ್” ಎಂದರು. ಆರು ತಿಂಗಳು ತಾಳಿ ಎಂಬುದನ್ನು ಇಷ್ಟು ಮರ್ಯಾದೆಯಿಂದ ಹೇಳಿದರೆ ಯಾವ ಘೋಷಣೆಯೂ ಬಾಯಿಗೆ ಬರುವುದಿಲ್ಲ.

ಬಿಲ್ಡರು ರಾಮಮೋಹನ್ ಆರು ತಿಂಗಳು ತಾಳುವವರಲ್ಲ. ಬುಧವಾರದೊಳಗೆ ಸಾಲ ಮಂಜೂರಾದ ಪತ್ರ ತೋರಿಸದಿದ್ದರೆ ಫ್ಲ್ಯಾಟು ಇನ್ನೊಬ್ಬರ ಪಾಲು, ಮುಂಗಡ ಬಿಲ್ಡರ ಪಾಲು. ಇದನ್ನು ಕೇಳಿದ ಪದ್ಮಾ, “ಕ್ರಾಂತಿ ಮಾಡೋ ಮುಂಚೆ ಮನೇಲಿ ಒಂದು ಮಾತು ಹೇಳಬಾರದಿತ್ತಾ?” ಎಂದಳು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ದುಡಿಯುವ ಅವಳ ಸಂಬಳ ಏಳು ವರ್ಷದಿಂದ ತಮ್ಮ ಶಾಖೆಗೇ ಬರುತ್ತಿರುವುದು ತಮಗೆ ಗೊತ್ತು, ಗೊತ್ತಿಲ್ಲದವನು ನಾನೊಬ್ಬನೇ. ಅವಳು ತಾನೇ ಬಂದು ಅರ್ಜಿ ಹಾಕಿದಳು. ಮೊದಲ ಅರ್ಜಿದಾರಳು ಅವಳು, ಸಹ ಅರ್ಜಿದಾರ ನಾನು. ಅವಳ ಸಂಬಳಕ್ಕೆ ಅರ್ಧ ಸಾಲವಷ್ಟೇ ಸಿಗುತ್ತದೆ. ಉಳಿದರ್ಧ ನನ್ನ ಸಂಬಳದ ಮೇಲೆ ಸಿಗಬೇಕಾದರೆ, ಈ ಮನುಷ್ಯ ನಂಬಿಕಸ್ಥನೆಂದು ತಾವು ಕಡತದಲ್ಲಿ ಕೈಯಾರೆ ಬರೆಯಬೇಕಂತೆ.

ಆದ್ದರಿಂದ ನನ್ನ ಬೇಡಿಕೆಗಳು ಅತಿ ಸಣ್ಣವು. ಅಂಟು ಹಚ್ಚಿದ ಪಾಸ್‌ಬುಕ್ಕನ್ನು ಲಗತ್ತಿಸಿದ್ದೇನೆ, ಅದನ್ನು ಎಂದೂ ಹರಿಯದ್ದೆಂದು ಪರಿಗಣಿಸಬೇಕು. ನನ್ನ ಉಪನ್ಯಾಸವನ್ನು ಜ್ವರದ ಬಡಬಡಿಕೆಯೆಂದು ದಾಖಲಿಸಬೇಕು. ನಡುವಿನ ಮೂರು ತಿಂಗಳನ್ನು ಕ್ಯಾಲೆಂಡರಿನಿಂದ ತೆಗೆಯಬೇಕು. ಇವು ಆಗದಿದ್ದರೆ, ನನ್ನ ಮೇಲಿನ ಸಿಟ್ಟನ್ನು ಪದ್ಮಾಳ ಮನೆಯ ಮೇಲೆ ತೀರಿಸದಿರಿ. ಇದೊಂದು ಮಾತ್ರ ಬೇಡಿಕೆಯಲ್ಲ, ಕೈಮುಗಿದು ಕೇಳುತ್ತಿರುವುದು.

ಮಂಗಳವಾರ ಸಹಿ ಹಾಕಲು ಎರಡು ಫೋಟೋಗಳೊಡನೆ, ಬಾಯಿ ಮುಚ್ಚಿಕೊಂಡು ಬರಬೇಕೆಂದು ಮನೆಯಿಂದ ಆದೇಶವಾಗಿದೆ. ಪಾಲಿಸುತ್ತೇನೆ.

ನಂಬಿಕಸ್ಥನೆಂದು ತಾವು ಬರೆದರೆ ಮಾತ್ರ
ತಮ್ಮ ವಿಶ್ವಾಸಿ,
ರಮಾಕಾಂತ

ವಿ.ಸೂ.: ನನ್ನ ಖಾತೆಯನ್ನು ತಮ್ಮ ಗುಮಾಸ್ತರು ಹತ್ತೇ ನಿಮಿಷದಲ್ಲಿ ಮುಚ್ಚಿಕೊಟ್ಟರು. ಒಂಬತ್ತು ವರ್ಷಗಳಲ್ಲಿ ತಮ್ಮ ಶಾಖೆ ಅಷ್ಟು ಚುರುಕಾಗಿ ನನ್ನ ಕೆಲಸ ಮಾಡಿಕೊಟ್ಟದ್ದು ಅದೊಂದೇ ಸಲ. ಮನೆ ಸಾಲದ ಮೇಜಿಗೆ ದಯವಿಟ್ಟು ಅವರನ್ನೇ ಕೂರಿಸಿ: ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ.